ಹದಿನಾಲ್ಕನೇ ರೀಲು

ಬೆಟಗೇರಿ
12 ಜನವರಿ 2024

ಮಗಳು ಚನ್ನಮ್ಮಳಿಗೆ ಅವ್ವ ಬರೆಯುವುದು.

ಕ್ಷೇಮವಾಗಿದ್ದೇನೆ ಎಂದು ಶುರು ಮಾಡುವುದು ರೂಢಿ. ಗಂಟಲಲ್ಲಿ ತೂತು ಇಟ್ಟುಕೊಂಡವಳು ಹಾಗೆ ಬರೆದರೆ ಟಪಾಲಿನವನೂ ನಕ್ಕಾನು. ಬದುಕಿದ್ದೇನೆ, ಅಷ್ಟು ತಿಳಿದುಕೋ. ಹುಬ್ಬಳ್ಳಿಯಲ್ಲಿ ಗಂಟಲು ಕೊಯ್ದು ದನಿಪೆಟ್ಟಿಗೆ ತೆಗೆದು ಎರಡು ವರ್ಷವಾಯಿತು. ನೀನು ಕಳಿಸಿದ ಮೊಬೈಲು ದೇವರ ಗೂಡಿನಲ್ಲಿ ಕೂತಿದೆ. ಮಾತಾಡಲು ದನಿಯಿಲ್ಲ, ಅದರ ಸಣ್ಣ ಅಕ್ಷರ ಒತ್ತಲು ಕಣ್ಣು ಸಾಲದು. ನನಗೆ ಕೋಣೆ ಬಾಡಿಗೆ ಕೊಟ್ಟ ಮಗ್ಗದ ಮನೆಯ ರಾಮವ್ವನೇ ನನ್ನ ಪರವಾಗಿ ಊರಿನ ಜೊತೆ ಮಾತಾಡುತ್ತಾಳೆ. ನಾನು ಎರಡು ಬೆರಳೆತ್ತಿದರೆ ಅವಳು ಇಪ್ಪತ್ತು ಮಾತು ಆಡುತ್ತಾಳೆ, ಅದರಲ್ಲಿ ನನ್ನವು ಎರಡೂ ಇರುವುದಿಲ್ಲ. ಅದಕ್ಕೇ ಈ ವಿಷಯವನ್ನು ಅವಳ ಬಾಯಿಗೆ ಕೊಡದೆ ಕಾಗದಕ್ಕೆ ಕೊಟ್ಟಿದ್ದೇನೆ.

ಲಕ್ಷ್ಮೇಶ್ವರದ ಜನ್ನತಬಿ ಹೇಳಿ ಕಳಿಸಿದ್ದಾಳೆ. ಟೆಂಟ್ ಸಿನಿಮಾದ ಇಮಾಮಸಾಬರ ಹೆಂಡತಿ. ಸಾಹೇಬರು ತೀರಿ ಬಹಳ ವರ್ಷವಾಯಿತು. ಈಗ ಅವರ ಹಳೆಯ ಮನೆ ಕೆಡವುತ್ತಿದ್ದಾರಂತೆ. ಅಟ್ಟ ಇಳಿಸುವಾಗ ಒಂದು ತಗಡಿನ ಡಬ್ಬಿ ಸಿಕ್ಕಿತಂತೆ. ಮೇಲೆ ಬಿಳಿ ಬಣ್ಣದಲ್ಲಿ ‘ಬಂಗಲೆ ನಂಬರ್ ಒಂಬತ್ತು, ರೀಲು ಹದಿನಾಲ್ಕು’ ಎಂದು ಬರೆದಿದೆಯಂತೆ. ಅದು ಕೊನೆಯ ರೀಲು, ಚನ್ನೀ.

ನಾನು ಜನ್ಮದಲ್ಲಿ ಮಾಡಿದ್ದು ಅದೊಂದೇ ಸಿನಿಮಾ. ನಾಟಕದ ಕಂಪನಿಯಲ್ಲಿ ಪೇಟಿ ಬಾರಿಸುತ್ತಿದ್ದ ನಿಮ್ಮಪ್ಪ ತೀರಿದ ವರ್ಷ, ಮೂರು ವರ್ಷದ ನಿನ್ನನ್ನು ಶಿಗ್ಲಿಯಲ್ಲಿ ನಮ್ಮವ್ವನ ಮಡಿಲಿಗೆ ಹಾಕಿ ಮದ್ರಾಸಿನ ಗಾಡಿ ಹತ್ತಿದೆ. ಒಂದು ತಿಂಗಳೆಂದು ಹೋದವಳು ಮತ್ತೆ ಕಂಪನಿ ಸೇರಿ, ಊರೂರು ತಿರುಗಿ, ನಿನ್ನ ಪಾಲಿಗೆ ಹಬ್ಬಕ್ಕೆ ಬರುವ ನೆಂಟಳಾದೆ. ಇದನ್ನು ನೀನು ನನಗಿಂತ ಚೆನ್ನಾಗಿ ಹೇಳಬಲ್ಲೆ, ಹಾಡಿದ್ದೇ ಹಾಡುವುದು ಬೇಡ.

ಅದು ಪತ್ತೇದಾರಿ ಸಿನಿಮಾ. ಒಂದು ಬಂಗಲೆ, ಅದರ ಯಜಮಾನ ಸತ್ತು ಬಿದ್ದಿರುತ್ತಾನೆ. ಪತ್ತೇದಾರ ಮಧುಕರ ಕೋಟು, ಟೊಪ್ಪಿಗೆ ಹಾಕಿಕೊಂಡು ಬರುತ್ತಾನೆ. ಕಂಪೌಂಡರ್ ಮೇಲೆ ಅನುಮಾನ, ಸತ್ತವನ ತಮ್ಮನ ಮೇಲೆ ಅನುಮಾನ. ಬಿಳಿ ಸೀರೆ ಉಟ್ಟು ಔಷಧಿ ಕೊಡುವ ನರ್ಸ್ ಮೇಲೆ ಯಾರಿಗೂ ಅನುಮಾನವಿಲ್ಲ. ಆ ನರ್ಸ್ ನಾನು, ಕೊಂದವಳೂ ನಾನು. ಅದು ತಿಳಿಯುವುದು ಹದಿನಾಲ್ಕನೇ ರೀಲಿನಲ್ಲಿ.

ಉಳಿದ ಹದಿಮೂರು ರೀಲಿನಲ್ಲಿ ಮುಖ ನನ್ನದು, ದನಿ ಬೇರೊಬ್ಬಳದು. ನನ್ನ ಗದುಗಿನ ಮಾತು ಕೇಳಿ ಅಲ್ಲಿಯವರಿಗೆ ನಗು. “ನೋಡೋಕೆ ಚೆನ್ನಾಗಿದ್ದಾರೆ, ಬಾಯಿ ತೆಗೆದರೆ ಕಷ್ಟ” ಎಂದು ನನ್ನೆದುರೇ ಅಂದರು. ಆದರೆ ಕೊನೆಯ ದೃಶ್ಯದ ದಿನ ನಿರ್ದೇಶಕರು ಹತ್ತಿರ ಬಂದು, “ಅಮ್ಮಾ, ಇದೊಂದು ಸೀನಿಗೆ ನಿಮ್ಮ ಊರಿನ ಮಾತೇ ಇರಲಿ, ನಿಮ್ಮ ದನೀನೇ ಇಟ್ಕೋತೀನಿ” ಅಂದರು. ನಾಲ್ಕು ನಿಮಿಷ ಒಂದೇ ಉಸುರಿಗೆ ಹೇಳಿದೆ. ಲೈಟು ಹಿಡಿದವರು ಕಣ್ಣೊರೆಸಿಕೊಂಡರು. ಆ ರೀಲನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಹುಬ್ಬಳ್ಳಿಯಲ್ಲಿ ಸಿನಿಮಾ ಓಡಿದ್ದು ಒಂದೇ ವಾರ, ನಮ್ಮ ಕಂಪನಿ ಆಗ ರಾಯಚೂರು ಕಡೆ ಇತ್ತು. ಆಮೇಲೆ ಮುಂಡರಗಿಯ ಟೆಂಟಿನಲ್ಲಿ ನೋಡಿದರೆ ಕೊನೆಯ ರೀಲೇ ಇರಲಿಲ್ಲ.

ಕಂಪನಿ ನಾಟಕಗಳನ್ನು ಯಾರೂ ಹಿಡಿದಿಡಲಿಲ್ಲ. ನನ್ನ ದನಿ ಈ ಲೋಕದಲ್ಲಿ ಉಳಿದಿದ್ದರೆ ಆ ಡಬ್ಬಿಯಲ್ಲಿ ಮಾತ್ರ ಉಳಿದಿದೆ. ಶಿರಹಟ್ಟಿಯಿಂದ ಲಕ್ಷ್ಮೇಶ್ವರ ನಿನಗೆ ದೂರವಲ್ಲ. ಹೋಗಿ ತಾ. ನನಗೆ ಕೇಳಿಸಲಿ ಎಂದಲ್ಲ, ನಿನಗೆ ಕೇಳಿಸಲಿ ಎಂದು. ಯಾತಕ್ಕಾಗಿ ಬಿಟ್ಟು ಹೋದಳು ಎಂಬುದನ್ನು ಒಮ್ಮೆ ಕಿವಿಯಾರೆ ಕೇಳು. ಆಮೇಲೆ ಬೈದರೂ ಸರಿ.

ನಿನ್ನ ಅವ್ವ
ನೀಲಗಂಗವ್ವ


ಶಿರಹಟ್ಟಿ
28 ಜನವರಿ 2024

ನೀಲಗಂಗವ್ವನವರಿಗೆ ನಮಸ್ಕಾರ.

ನಿಮ್ಮ ಪತ್ರ ಬಂತು. ಶಾಲೆಯಲ್ಲಿ ತಪಾಸಣೆ ಇದ್ದುದರಿಂದ ಉತ್ತರ ತಡವಾಯಿತು. ಔಷಧಿ ಮುಗಿಯುವ ಮೊದಲೇ ತಿಳಿಸಿದರೆ ಐಶ್ವರ್ಯಾಳ ಕೈಯಲ್ಲಿ ಕಳಿಸುತ್ತೇನೆ. ನಿಮ್ಮ ಮೊಮ್ಮಗಳು ಈಗ ಗದುಗಿನಲ್ಲೇ ಕೆಲಸಕ್ಕೆ ಹೋಗುತ್ತಾಳೆ.

ಆ ಸಿನಿಮಾ ನಾನೂ ನೋಡಿದ್ದೇನೆ. ಲಕ್ಷ್ಮೇಶ್ವರಕ್ಕೆ ಟೆಂಟ್ ಬಂದಾಗ ಅರ್ಧ ಶಿಗ್ಲಿ ಚಕ್ಕಡಿ ಕಟ್ಟಿಕೊಂಡು ಹೋಗಿತ್ತು. ನಿಮ್ಮ ಅವ್ವ, ನನ್ನ ಆಯಿ, ಹೊಸ ಇಳಕಲ್ ಸೀರೆ ಉಟ್ಟಿದ್ದಳು. ನೀವು ಬಿಳಿ ಸೀರೆಯಲ್ಲಿ ಮೆಟ್ಟಿಲಿಳಿದು ಬಂದಾಗ ನಾನು ಎದ್ದು ನಿಂತೆ. ನೀವು ಬಾಯಿ ತೆರೆದಿರಿ. ಆಯಿ ನನ್ನನ್ನು ಎಳೆದು ಕೂರಿಸಿ, “ಇದು ನಮ್ಮ ನೀಲಿ ದನಿ ಅಲ್ಲ. ಮಾರಿ ಆಕೀದು, ದನಿ ಯಾರದೋ” ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಆಕೆ ಸಿನಿಮಾ ನೋಡಲೇ ಇಲ್ಲ, ಮುಗಿದ ಮೇಲೆ ನಾನೇ ಎಬ್ಬಿಸಬೇಕಾಯಿತು.

ಮುಗಿದದ್ದಾದರೂ ಹೇಗೆ ಗೊತ್ತೇ? ಪತ್ತೇದಾರ “ಕೊಲೆಗಾರ ಇದೇ ಕೋಣೆಯಲ್ಲಿದ್ದಾನೆ” ಎಂದು ಕೈ ಎತ್ತಿದ. ಪರದೆಯ ಮೇಲೆ ಮಂಗಳಾರತಿ ಬಂತು. ಜನ ಎದ್ದು ಕೈಮುಗಿದರು, ತಟ್ಟೆ ಬಂತು, ಎಲ್ಲರೂ ಮನೆಗೆ ಹೋದರು. ಆ ಕೈ ಕಂಪೌಂಡರ್ ಕಡೆ ಇತ್ತು ಎಂದು ದಾರಿಯಲ್ಲೇ ತೀರ್ಮಾನವಾಯಿತು. ಪಾಪ, ನಮ್ಮೂರ ದವಾಖಾನೆಯ ಯಂಕಪ್ಪ ಕಂಪೌಂಡರನ ಕೈಯಲ್ಲಿ ಸೂಜಿ ಚುಚ್ಚಿಸಿಕೊಳ್ಳಲು ಜನ ಒಂದು ವರ್ಷ ಹಿಂದೆಮುಂದೆ ನೋಡಿದರು. ಈಗಲೂ ಶಿಗ್ಲಿಯ ಮುದುಕರನ್ನು ಕೇಳಿ, ಕಂಪೌಂಡರನೇ ಕೊಂದ ಎನ್ನುತ್ತಾರೆ.

ನಾಲ್ಕು ನಿಮಿಷ ಎಂದು ಬರೆದಿದ್ದೀರಿ. ನನ್ನ ಕಡೆಯ ಲೆಕ್ಕ ಅದಕ್ಕಿಂತ ಉದ್ದವಿದೆ. ನಾನು ಹೋಗುವುದಿಲ್ಲ, ದಯವಿಟ್ಟು ಬೇರೆ ಯಾರಿಗಾದರೂ ಹೇಳಿ.

ಇಂತಿ,
ಚನ್ನಮ್ಮ


ಬೆಟಗೇರಿ
20 ಫೆಬ್ರವರಿ 2024

ಮಗಳು ಚನ್ನಮ್ಮಳಿಗೆ,

ಬೇರೆ ಯಾರಿಗೆ ಹೇಳಲಿ? ರಾಮವ್ವನಿಗೆ ಹೇಳಿದರೆ ಡಬ್ಬಿಯಲ್ಲಿ ಅವಲಕ್ಕಿ ತುಂಬಿಡುತ್ತಾಳೆ.

ಕುತ್ತಿಗೆಯ ಎಡಗಡೆ ಮತ್ತೆ ಗಂಟು ಕಂಡಿದೆ. ಡಾಕ್ಟರು ರಾಮವ್ವನನ್ನು ಬಾಗಿಲಾಚೆ ಕರೆದು, “ಇನ್ನ ಕೊಯ್ಯೂದ ಬ್ಯಾಡ್ರಿ, ಚಂದಂಗ ನೋಡಕೊಳ್ರಿ” ಅಂದರು. ನಾನು ಮೂಗಿಯಾದೆನೇ ಹೊರತು ಕಿವುಡಿಯಾಗಿಲ್ಲ. ಹೆದರಿಕೆ ಆಯಿತು ಎಂದೇ ಬರೆಯುತ್ತೇನೆ, ನಿನ್ನ ಮುಂದೆ ಧೈರ್ಯದ ಪಾತ್ರ ಮಾಡಿ ಏನಾಗಬೇಕಿದೆ.

ಇದರ ಮೇಲೆ ನಿನಗೆ ತಿಳಿದಂತೆ ಮಾಡು. ಇನ್ನೊಮ್ಮೆ ಕೇಳುವುದಿಲ್ಲ.

ನಿನ್ನ ಅವ್ವ
ನೀಲಗಂಗವ್ವ


ಶಿರಹಟ್ಟಿ
17 ಮಾರ್ಚ್ 2024

ನೀಲಗಂಗವ್ವನವರಿಗೆ ನಮಸ್ಕಾರ.

ನಿನ್ನೆ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಬೇರೆ ಕೆಲಸವೂ ಇತ್ತು.

ಜನ್ನತಬಿಯ ಮನೆಯ ಮುಂದಿನ ಗೋಡೆ ಆಗಲೇ ಉರುಳಿದೆ. ಆಕೆ ಹಿತ್ತಿಲಲ್ಲಿ ಹೊರಸಿನ ಮೇಲೆ ಕೂತಿದ್ದಳು. ನನ್ನನ್ನು ಕಂಡೊಡನೆ, “ನೀಲಗಂಗವ್ವನ ಮಗಳಲ್ಲೇನ್ರಿ? ಮೂಗು ಹಂಗ ಐತಿ. ಬರ್ರಿ, ಕುಂಡ್ರಿ” ಅಂದಳು. ನಿಮ್ಮ ಮೂಗು ನನಗೆ ಬಂದಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೊಮ್ಮಗಳು ಗುಲ್ನಾಜ ಚಹಾ ತಂದಳು. ಡಬ್ಬಿಯನ್ನು ಒರೆಸಿ, ಟವೆಲಿನಲ್ಲಿ ಸುತ್ತಿ ಇಟ್ಟಿದ್ದರು. ತೆಗೆದರೆ ಹುಳಿ ವಾಸನೆ ಬಂತು, ಆದರೆ ಫಿಲ್ಮು ಒಂದು ಗೀರೂ ಇಲ್ಲದೆ ಕರ್ರಗೆ ಹೊಳೆಯುತ್ತಿತ್ತು.

“ಉಳಿದ ರೀಲು ಓಡಿ ಓಡಿ ಹರದು ಹೋದ್ವು. ಇದು ಒಂದ ಸಲ ಓಡೈತಿ, ಅದಕ್ಕ ಉಳದೈತಿ” ಅಂದಳು ಜನ್ನತಬಿ.

ಯಾಕೆ ಓಡಲಿಲ್ಲ ಎಂದು ಕೇಳಿದೆ.

“ನಮ್ಮ ಟೆಂಟಿನ್ಯಾಗ ಯಾವ ಸಿನಿಮಾ ಹಾಕಿದ್ರೂ ಕಡೀಕ ಮಂಗಳಾರತಿ ರೀಲು ಹಾಕಿನ ಮಂದೀನ ಮನಿಗೆ ಕಳಸೂದ್ರಿ. ಹೆಣಾ ನೋಡಿ, ಜಗಳಾ ನೋಡಿ ಯಾರೂ ಎದ್ದು ಹೋಗಬಾರದು ಅಂತಿದ್ರು ಸಾಹೇಬ್ರು. ಈ ಸಿನಿಮಾ ಬಂದಾಗ ಮದಲ ಒಬ್ಬರ ಕುಂತು ನೋಡಿದ್ರು. ಹೊರಗ ಬಂದವರು ಊಟಾನೂ ಮಾಡಲಿಲ್ಲ. ‘ನಾಳೆ ಶಿಗ್ಲಿ ತಿಪ್ಪವ್ವ ಮಗಳ ಸಿನಿಮಾ ಅಂತ ಚಕ್ಕಡಿ ಕಟಗೊಂಡು ಬರತಾಳ. ಆಕಿ ಕಣ್ಣಮುಂದ ಆಕಿ ಮಗಳ ಕೈಗೆ ಬೇಡಿ ಹಾಕಾಕ ನನ್ನ ಕೈಲಾಗೂದಿಲ್ಲ’ ಅಂದ್ರು. ಆ ರೀಲು ತಗದಿಟ್ಟು ಅದರ ಜಾಗಾದಾಗ ಮಂಗಳಾರತಿ ಹಚ್ಚಿದ್ರು. ಶಿರಹಟ್ಟಿ, ಮುಂಡರಗಿ, ಡಂಬಳ, ಎಲ್ಲೆ ಟೆಂಟ್ ಹಾಕಿದ್ರೂ ಹಂಗ. ಕೊಲಿ ಯಾರು ಮಾಡಿದ್ರು ಅಂತ ಯಾರರ ಕೇಳಿದ್ರ, ‘ಮತ್ಯಾರು, ಕಂಪೌಂಡರ್’ ಅಂತಿದ್ರು.”

“ಅದರಾಗ ಅವ್ವ ಮಾತಾಡ್ತಾಳಂತೇನ್ರಿ?” ಎಂದು ಕೇಳಿದೆ.

“ಅದನ್ನ ಅವರು ಹೇಳಲಿಲ್ಲ ನೋಡವಾ.”

ಅಂದರೆ ಆಯಿಯ ಮೇಲಿನ ಮರ್ಯಾದೆಗೆ ನಾಲ್ಕು ತಾಲೂಕಿನ ಜನಕ್ಕೆ ಕಥೆಯ ಕೊನೆಯನ್ನೇ ಬದಲಿಸಿಬಿಟ್ಟರು ಆ ಪುಣ್ಯಾತ್ಮರು. ನಕ್ಕೆ. ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಬರುವಾಗ ನಗು ಹೋಯಿತು. ಹೊತ್ತರೆ ಭಾರ ಗೊತ್ತಾಗುತ್ತದೆ ಎನ್ನುತ್ತಾರಲ್ಲ, ಹಾಗಾಯಿತು.

ಇಂಥ ಫಿಲ್ಮನ್ನು ತೊಳೆದು ಕಂಪ್ಯೂಟರಿಗೆ ಹಾಕಿಕೊಡುವವರು ಚೆನ್ನೈಯಲ್ಲಿದ್ದಾರೆ ಎಂದು ಐಶ್ವರ್ಯಾ ಹುಡುಕಿದ್ದಾಳೆ. ಕಳಿಸುತ್ತಿದ್ದೇನೆ. ಬರಲು ಎರಡು ತಿಂಗಳಾದರೂ ಬೇಕಂತೆ. ಅಲ್ಲಿಯವರೆಗೆ ಡಾಕ್ಟರು ಹೇಳಿದಂತೆ ಇರಿ.

ಇಂತಿ,
ಚನ್ನಮ್ಮ


ಬೆಟಗೇರಿ
2 ಏಪ್ರಿಲ್ 2024

ಚನ್ನೀ,

ನಿನ್ನ ಪತ್ರವನ್ನು ಓದಿ ಓದಿ ಮಡಿಕೆ ಹರಿದಿದೆ. ಇಮಾಮಸಾಬರ ಮೇಲೆ ನನಗೆ ಇಷ್ಟು ವರ್ಷ ಸಿಟ್ಟಿತ್ತು. ಮುಂಡರಗಿಯಲ್ಲಿ ಅವರನ್ನು ಜನರ ಮುಂದೆ ಬೈದಿದ್ದೆ. ಆ ಮನುಷ್ಯ ತಲೆ ತಗ್ಗಿಸಿಕೊಂಡು ನಿಂತರು, ಕಾರಣ ಹೇಳಲಿಲ್ಲ.

ರೀಲು ಬಂದ ಮೇಲೆ ಹೇಗೆ ಕೇಳಬೇಕು ಎಂದು ಹೇಳುತ್ತೇನೆ. ದೊಡ್ಡ ಸ್ಪೀಕರ್ ಹಚ್ಚು. ಕುಕ್ಕರ್ ಇಟ್ಟು ಬಂದು ಕೂರಬೇಡ. ನಾನು ಮೆಟ್ಟಿಲ ಹತ್ತಿರ ನಿಂತಿರುತ್ತೇನೆ. ಮೊದಲು ಸಣ್ಣ ದನಿಯಲ್ಲಿ ಶುರುವಾಗುತ್ತದೆ. “ನಾ ಕೊಂದಿಲ್ಲ ಅನ್ನೂದಿಲ್ಲ. ಆದ್ರ ಯಾಕ ಕೊಂದಿ ಅಂತ ಇಷ್ಟು ಮಂದಿಯೊಳಗ ಒಬ್ಬರೂ ಕೇಳಲಿಲ್ಲಲ್ಲ” ಎನ್ನುತ್ತೇನೆ. ಆ ಯಜಮಾನ ನನ್ನ ಗಂಡನನ್ನು ಸುಳ್ಳು ಕಳ್ಳತನಕ್ಕೆ ಸಿಕ್ಕಿಸಿ ಜೈಲಿಗೆ ಕಳಿಸಿದ್ದು, ಅವನು ಅಲ್ಲೇ ಸತ್ತದ್ದು, ಎಲ್ಲ ಹೇಳುತ್ತೇನೆ. ನಡುವೆ ಒಂದು ಕಡೆ ದನಿ ಒಡೆಯುತ್ತದೆ. ಅದು ಅಭಿನಯವಲ್ಲ. ಅಲ್ಲಿ ನಿನ್ನ ಮುಖ ನೆನಪಾಗಿತ್ತು. ನಿರ್ದೇಶಕರು ಹಾಗೇ ಇರಲಿ ಅಂದರು.

ಅಲ್ಲಿ ಸ್ವಲ್ಪ ಕಿವಿಗೊಟ್ಟು ಕೇಳು.

ಗಂಟು ಸ್ವಲ್ಪ ಬೆಳೆದಿದೆ. ಗಂಜಿ ಮಾತ್ರ ಇಳಿಯುತ್ತದೆ. ಆದರೂ ಈ ತಿಂಗಳು ನಾನು ಸುಖವಾಗಿದ್ದೇನೆ.

ನಿನ್ನ ಅವ್ವ
ನೀಲಗಂಗವ್ವ


ಶಿರಹಟ್ಟಿ
26 ಮೇ 2024
(ಬರೆದು ಅಂಚೆಗೆ ಹಾಕದ ಪತ್ರ)

ಅವ್ವ,

ರೀಲು ಬಂದಿದೆ. ಇವತ್ತು ಭಾನುವಾರ, ಮಧ್ಯಾಹ್ನ ಐಶ್ವರ್ಯಾಳ ಲ್ಯಾಪ್‌ಟಾಪಿನಲ್ಲಿ ನೋಡಿದೆ. ದೊಡ್ಡ ಸ್ಪೀಕರ್ ಹಚ್ಚಿದೆ. ಒಲೆಯ ಮೇಲೆ ಏನೂ ಇಟ್ಟಿರಲಿಲ್ಲ.

ಚಿತ್ರ ಗಾಜಿನಷ್ಟು ಸ್ವಚ್ಛ. ದನಿಯೂ ಸ್ವಚ್ಛ. ಮಧುಕರ ಕೋಣೆಯ ನಡುವೆ ನಿಂತು ಮಾತು ಶುರು ಮಾಡುತ್ತಾನೆ. ಯಾವ ಬಾಟಲಿ, ಯಾವ ವಿಷ, ಯಾವ ಬಾಗಿಲಿನಿಂದ ಬಂದೆ, ಎಲ್ಲ ಅವನೇ ಹೇಳುತ್ತಾನೆ. ಯಾಕೆ ಕೊಂದೆ ಎಂಬುದನ್ನೂ ಅವನೇ ಹೇಳುತ್ತಾನೆ. ನಿನ್ನ ಗಂಡ, ಆ ಕಳ್ಳತನ, ಜೈಲು, ಸಾವು, ಎಲ್ಲವೂ ಅವನ ಬಾಯಲ್ಲಿ, ಅಚ್ಚುಕಟ್ಟಾದ ಕನ್ನಡದಲ್ಲಿ ಬರುತ್ತವೆ. ನೀನು ಅವನ ಹಿಂದೆ ಮೆಟ್ಟಿಲ ಹತ್ತಿರ ನಿಂತಿದ್ದೀ. ನಿನ್ನ ತುಟಿ ಆಡುತ್ತದೆ, ಕೈ ಆಡುತ್ತದೆ. ನೀನು ಹೇಳುತ್ತಿದ್ದೀ ಎಂದು ಕಾಣುತ್ತದೆ, ಆದರೆ ಕೇಳುವುದು ಅವನ ಮಾತು ಮತ್ತು ಪಿಟೀಲು. ದನಿ ಒಡೆಯುತ್ತದೆ ಎಂದಿದ್ದೆಯಲ್ಲ, ಆ ಜಾಗವನ್ನು ತುಟಿ ನೋಡಿ ಹುಡುಕಿದೆ. ಅಲ್ಲಿ ಅವನು ಟೇಬಲ್ಲಿಗೆ ಗುದ್ದಿ “ಇದೇ ಸತ್ಯ!” ಎನ್ನುತ್ತಾನೆ.

ಕೊನೆಗೆ ನಿನ್ನ ಮುಖ ಪರದೆ ತುಂಬ ಬರುತ್ತದೆ. “ಹೌದು, ನಾನೇ ಕೊಂದೆ” ಎಂಬ ಮಾತು ಕೇಳುತ್ತದೆ. ಅದು ಆ ಇನ್ನೊಬ್ಬಳ ದನಿ. ಬೇಡಿ ಹಾಕುತ್ತಾರೆ. ಮುಗಿಯಿತು.

ನೀನು ಇಲ್ಲ ಅವ್ವ. ನಾಲ್ಕು ಸಲ ನೋಡಿದೆ. ನಿನ್ನ ಉಸಿರು ಕೂಡ ಇಲ್ಲ.

ನಿನ್ನನ್ನು ಹಂಗಿಸಲು ಒಂದು ಮಾತು ಸಿಗಲಿ ಎಂದು ಚಿಕ್ಕಂದಿನಿಂದ ಹುಡುಕಿದ್ದೇನೆ. ಇದಕ್ಕಿಂತ ದೊಡ್ಡದು ಸಿಗಲಾರದು. ಏನೂ ಇಲ್ಲದ್ದಕ್ಕಾಗಿ ನನ್ನನ್ನು ಬಿಟ್ಟು ಹೋದೆ ಎಂದು ಒಂದು ಸಾಲು ಬರೆದರೆ ಸಾಕು. ಬರೆಯಲು ಕೂತರೆ ಅಳು ಬರುತ್ತಿದೆ. ಸಿಟ್ಟೂ ಬರುತ್ತಿದೆ, ಆದರೆ ನಿನ್ನ ಮೇಲಲ್ಲ. ನಿನ್ನ ಬಾಯಿಂದ ಮಾತು ಆಡಿಸಿಕೊಂಡು, ಆಮೇಲೆ ತೆಗೆದು ಬಿಸಾಡಿ, ಒಂದು ಮಾತೂ ತಿಳಿಸದ ಆ ಜನರ ಮೇಲೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅವರಿಗೆ.

ಇದನ್ನು ನಿನಗೆ ಕಳಿಸಲಾರೆ.

ಚನ್ನಿ


ಶಿರಹಟ್ಟಿ
28 ಮೇ 2024

ಅವ್ವನಿಗೆ ಚನ್ನಿಯ ನಮಸ್ಕಾರ.

ರೀಲು ಬಂದಿದೆ. ಚಿತ್ರ ಚೆನ್ನಾಗಿ ಬಂದಿದೆ. ನೀನು ಮೆಟ್ಟಿಲ ಹತ್ತಿರ ನಿಂತಿದ್ದೀ, ಬಹಳ ಚಂದ ಕಾಣುತ್ತೀ. ಐಶ್ವರ್ಯಾ ನೋಡಿ, “ಅಜ್ಜಿ ನಿನಗಿಂತ ಚಲೋ ಅದಾಳ” ಎಂದು ನನಗೆ ಹೇಳಿದಳು.

ಆದರೆ ದನಿ ಬರಲಿಲ್ಲ ಅವ್ವ. ಫಿಲ್ಮಿನ ಅಂಚಿನಲ್ಲಿ ದನಿಯ ಪಟ್ಟಿ ಇರುತ್ತದಂತೆ, ಅದು ಅಟ್ಟದ ಸೆಕೆಗೆ ಕೊಳೆತು ಹೋಗಿದೆ ಎಂದು ಚೆನ್ನೈಯವರು ಹೇಳಿದರು. ಯಾರದೂ ಬಂದಿಲ್ಲ, ಮಧುಕರನದೂ ಇಲ್ಲ. ಒಂದು ಹತ್ತು ವರ್ಷ ಮೊದಲೇ ಸಿಕ್ಕಿದ್ದರೆ ಉಳಿಸಬಹುದಿತ್ತಂತೆ. ನಾನೂ ಬಹಳ ಆಸೆಯಿಂದ ಕಾದಿದ್ದೆ.

ಗಂಜಿಗೆ ಸ್ವಲ್ಪ ತುಪ್ಪ ಹಾಕಿಸಿಕೋ. ರಾಮವ್ವನಿಗೆ ನಾನು ಫೋನ್ ಮಾಡಿ ಹೇಳಿದ್ದೇನೆ.

ನಿನ್ನ ಮಗಳು
ಚನ್ನಮ್ಮ


ಬೆಟಗೇರಿ
9 ಜೂನ್ 2024

ಚನ್ನೀ,

ಓದಿ ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಆಮೇಲೆ ಎದ್ದು ಕೂತೆ. ಕೊಳೆಯಿತು ಎಂದರೆ ಒಂದು ಕಾಲಕ್ಕೆ ಇತ್ತು ಎಂದಾಯಿತಲ್ಲ. ಇಮಾಮಸಾಬರಾದರೂ ಕೇಳಿದ್ದಾರೆ. ಅಷ್ಟು ಸಾಕು ಎಂದು ಮನಸ್ಸಿಗೆ ಹೇಳುತ್ತಿದ್ದೇನೆ, ಅದು ಇನ್ನೂ ಕೇಳುತ್ತಿಲ್ಲ.

ದನಿಯಿಲ್ಲದಿದ್ದರೂ ತಂದು ತೋರಿಸು. ನನ್ನ ತುಟಿ ನೋಡಿದರೆ ನನಗೆ ಮಾತು ಕೇಳುತ್ತದೆ. ಅಷ್ಟೂ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದಿಡುತ್ತೇನೆ, ನೀನು ಓದಿಕೊಂಡು ನೋಡು. ಜಲ್ದಿ ಬಾ, ಕೈ ನಡುಗಲು ಶುರುವಾಗಿದೆ.

ನಿನ್ನ ಅವ್ವ
ನೀಲಗಂಗವ್ವ


ಬೆಟಗೇರಿ
7 ಜುಲೈ 2024

ಚನ್ನೀ,

ನೀನು ಬಂದು ಹೋದ ಮೇಲೆ ಪೆನ್ನು ಹಿಡಿಯಲು ಮನಸ್ಸಾಗಿರಲಿಲ್ಲ. ಇವತ್ತು ರಾಮವ್ವ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದಾಳೆ. ಅಕ್ಷರ ಸೊಟ್ಟಗಾದರೆ ಓದಿಕೋ.

ನೀನು ದನಿ ಮುಚ್ಚಿಟ್ಟು ತೋರಿಸಿದೆ. ನಾನು ಬರೆದಿಟ್ಟ ಹಾಳೆಯಲ್ಲಿ ಬೆರಳಿಟ್ಟು, ನೀನು ಶಾಲೆಯ ಹುಡುಗಿಯ ಹಾಗೆ ಓದುತ್ತ ಕೂತೆ. ನನ್ನ ಮಾತೂ ತುಟಿಯೂ ಹೊಂದಿದವು, ಅದರಲ್ಲಿ ತಪ್ಪಿಲ್ಲ. ಆದರೆ ನಾನು ನೋಡಿದ್ದು ನನ್ನನ್ನಲ್ಲ, ಮಧುಕರನನ್ನು. ಅವನ ಬಾಯಿ ಮೊದಲಿನಿಂದ ಕೊನೆಯವರೆಗೆ ನಿಲ್ಲಲಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು ಎಂದು ಕಂಪನಿಯಲ್ಲಿ ಹತ್ತು ವರ್ಷದ ಹುಡುಗರಿಗೂ ಕಲಿಸುತ್ತಾರೆ. ನನ್ನ ದೃಶ್ಯದ ದಿನ ಅವನು ಸುಮ್ಮನೇ ಇದ್ದ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಹೆಣದ ಮುಂದೆ ನಿಂತ ಹಾಗೆ ನಿಂತಿದ್ದ. ಈ ರೀಲಿನಲ್ಲಿ ಟೊಪ್ಪಿಗೆ ತಲೆಯ ಮೇಲಿದೆ. ನಾನು ಊರಿಗೆ ಹೊರಟ ಮೇಲೆ ಅವನನ್ನು ಒಬ್ಬನನ್ನೇ ನಿಲ್ಲಿಸಿ ಮತ್ತೆ ತೆಗೆದು, ನನ್ನ ಚಿತ್ರವನ್ನು ಅವನ ಹಿಂದೆ ಅಂಟಿಸಿದ್ದಾರೆ.

ನಿನ್ನ ಮೇಲೆ ಅನುಮಾನ ಮೊದಲೇ ಬಂದಿತ್ತು. ಜನ್ಮದಲ್ಲಿ ಇಲ್ಲದ್ದು, ನೀನು ಅವ್ವ ಎಂದು ಬರೆದಿದ್ದೆ.

ನೀನು ಸುಳ್ಳು ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ನಾನೂ ಕೊನೆಯವರೆಗೆ ನಂಬಿದವಳ ಹಾಗೆ ಕೂತಿದ್ದೆನಲ್ಲ. ಆದರೆ ಚನ್ನೀ, ನಿನ್ನನ್ನು ಬಿಟ್ಟು ಹೋದದ್ದಕ್ಕೆ ತೋರಿಸಲು ನನ್ನ ಕೈಯಲ್ಲಿ ಈಗ ಏನೂ ಇಲ್ಲ. ಬೈಯಲು ನಿನಗೂ ಏನೂ ಉಳಿಯಲಿಲ್ಲ. ಇದನ್ನು ಹೊತ್ತುಕೊಂಡು ಹೇಗೆ ಸಾಯಬೇಕು ಎಂದು ನನಗೆ ತಿಳಿಯುತ್ತಿಲ್ಲ.

ಒಂದು ಕೇಳುತ್ತೇನೆ. ಕೊನೆಗೆ ನನ್ನ ಮುಖ ದೊಡ್ಡದಾಗಿ ಬರುತ್ತದೆ, ಆಗ ಅವನು ಪರದೆಯಲ್ಲೇ ಇರುವುದಿಲ್ಲ. ಅಲ್ಲಿ ಒಂದು ಮಾತು ಇರಲೇಬೇಕು. ಅದನ್ನು ಆ ಇನ್ನೊಬ್ಬಳೇ ಹೇಳಿರಬೇಕು. ಹೇಗೆ ಹೇಳಿದ್ದಾಳೆ? ಚೆನ್ನಾಗಿ ಹೇಳಿದ್ದಾಳೆಯೇ? ಇದೊಂದು ವಿಷಯದಲ್ಲಿ ನನ್ನ ಮುಖ ನೋಡಬೇಡ, ಖರೆ ಬರೆ.

ನಿನ್ನ ಅವ್ವ
ನೀಲಗಂಗವ್ವ


ಶಿರಹಟ್ಟಿ
11 ಜುಲೈ 2024

ಅವ್ವ,

ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ನೀನೇ ಓದಿಕೋ, ರಾಮವ್ವನ ಕೈಗೆ ಕೊಡಬೇಡ. ಶನಿವಾರ ಶಾಲೆ ಬಿಟ್ಟ ಮೇಲೆ ಬರುತ್ತೇನೆ. ಅಷ್ಟರೊಳಗೆ ಇದು ಮುಟ್ಟಲಿ ಎಂದು ಇವತ್ತೇ ಹಾಕುತ್ತಿದ್ದೇನೆ, ಎದುರು ಕೂತು ಹೇಳಲು ನನ್ನಿಂದ ಆಗುವುದಿಲ್ಲ.

ಚೆನ್ನಾಗಿ ಹೇಳಿದ್ದಾಳೆ. “ಹೌದು, ನಾನೇ ಕೊಂದೆ” ಎಂಬ ಮಾತು. ಅಳುವುದಿಲ್ಲ, ಕೂಗುವುದಿಲ್ಲ. ಬಾಗಿಲು ತೆರೆದು ಒಳಗೆ ಕರೆದ ಹಾಗೆ ಮೆಲ್ಲಗೆ ಹೇಳುತ್ತಾಳೆ. ನಿನ್ನ ಮುಖಕ್ಕೆ ಹೊಂದುತ್ತದೆ. ಗೊತ್ತಿಲ್ಲದವರಿಗೆ ಅದು ನಿನ್ನದಲ್ಲ ಎಂಬ ಅನುಮಾನವೇ ಬರುವುದಿಲ್ಲ.

ನಿನ್ನ ಪತ್ರ ಬಂದ ಮೇಲೆ ಆ ಒಂದು ಮಾತನ್ನು ನಿನ್ನ ದನಿಯಲ್ಲಿ ಕೇಳಿಕೊಳ್ಳೋಣ ಎಂದು ಕಣ್ಣು ಮುಚ್ಚಿ ಕೂತೆ. ಹಬ್ಬಕ್ಕೆ ಬಂದಾಗ ನೀನು ಅಂಗಳದಲ್ಲಿ ಗಂಟು ಇಳಿಸಿ, “ಚನ್ನೀ, ಹೊರಗ ಬಾ, ಯಾರ ಬಂದಾರ ನೋಡು” ಎಂದು ಕೂಗುತ್ತಿದ್ದೆ. ನಾನು ಕಣಜದ ಹಿಂದೆ ಅಡಗುತ್ತಿದ್ದೆ. ಮಾತು ಒಂದೂ ಬಿಡದೆ ನೆನಪಿದೆ. ಫೋನಿನಲ್ಲಿ ನೀನು “ಉಂಡೇನವಾ” ಎಂದು ಕೇಳುತ್ತಿದ್ದದ್ದು, ನಾನು “ಹೂಂ, ಆತು” ಎಂದು ಇಡುತ್ತಿದ್ದದ್ದು, ಅದೂ ನೆನಪಿದೆ. ದನಿ ನೆನಪಾಗುತ್ತಿಲ್ಲ ಅವ್ವ.

ಐಶ್ವರ್ಯಾಳನ್ನು ಕೇಳಿದೆ, ಅವಳಿಗೂ ನೆನಪಿಲ್ಲ. ಮತ್ತೆ ಮತ್ತೆ ಕಣ್ಣು ಮುಚ್ಚಿ ಕೂತು ನೋಡಿದೆ. ನೀನು ಅಂಗಳಕ್ಕೆ ಬರುತ್ತೀ, ಗಂಟು ಇಳಿಸುತ್ತೀ, ಬಾಯಿ ತೆರೆಯುತ್ತೀ. ಪ್ರತಿ ಸಲವೂ ಆ ಇನ್ನೊಬ್ಬಳ ದನಿಯಲ್ಲೇ ನನ್ನನ್ನು ಕೂಗುತ್ತೀ.

ನಿನ್ನ ಮಗಳು
ಚನ್ನಿ